ಬಜೆಟ್ ಮೇಲೆ ದುಡ್ಡಿದ್ದವರ ಹಿಡಿತ ಇದೆಯಾ?

ತೆರಿಗೆ, ಬಜೆಟ್ ಎಲ್ಲ ದೊಡ್ಡ ಉದ್ಯಮಿಗಳು ಹೇಳಿದಂತೆ ನಡೆಯುತ್ತಾ, ಇಲ್ಲ ಇದು ಸುಮ್ನೆ ಜನರ ಅನುಮಾನವಾ ಅಂತ ಕೇಳಿದ್ದೀರಿ. ಬರೀ ಅನುಮಾನ ಅಲ್ಲ. ಹಾಗಂತ ಯಾರೋ ಫೋನ್ ಮಾಡಿ ಬಜೆಟ್ ಬರೆಸುತ್ತಾರೆ ಅಂತಲೂ ನಾನು ನಂಬುವುದಿಲ್ಲ. ಯಾರ ಕಷ್ಟ ಸರ್ಕಾರಕ್ಕೆ ಬೇಗ ಕೇಳಿಸುತ್ತದೆ ಅನ್ನುವುದನ್ನು ನೋಡಬೇಕು.

2019ರ ಸೆಪ್ಟೆಂಬರ್ 20ರಂದು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಕಂಪನಿ ತೆರಿಗೆಯ ಮೂಲ ದರವನ್ನು ಶೇ. 30ರಿಂದ 22ಕ್ಕೆ ಇಳಿಸಿದರು. ಬಜೆಟ್ ಮಂಡಿಸಿ ಮೂರು ತಿಂಗಳೂ ಆಗಿರಲಿಲ್ಲ. ಸಂಸತ್ತು ಸೇರುವವರೆಗೂ ಕಾಯದೆ ಸುಗ್ರೀವಾಜ್ಞೆ ತಂದರು. ವರ್ಷಕ್ಕೆ 1.45 ಲಕ್ಷ ಕೋಟಿ ರೂಪಾಯಿ ಖೋತಾ ಅಂತ ಸರ್ಕಾರವೇ ಲೆಕ್ಕ ಕೊಟ್ಟಿತು. ಹೂಡಿಕೆ ಬರುತ್ತೆ, ಕೆಲಸ ಸಿಗುತ್ತೆ ಅನ್ನುವುದು ಅದಕ್ಕೆ ಕೊಟ್ಟ ಕಾರಣ.

2022ರ ಜುಲೈ 18ರಿಂದ ಪ್ಯಾಕೆಟ್ ಮೊಸರು, ಅಕ್ಕಿ, ಹಿಟ್ಟಿನ ಮೇಲೆ ಶೇ. 5 ಜಿಎಸ್‌ಟಿ ಬಂತು. ಹತ್ತು ರೂಪಾಯಿಯ ನಂದಿನಿ ಮೊಸರು 12 ಆಯಿತು. ಜನ ಬೈದ ಮೇಲೆ ಹತ್ತೂವರೆಗೆ ಇಳಿಯಿತು. ನಮ್ಮ ಬೀದಿಯ ಹಾಲಿನ ಬೂತ್‌ನಲ್ಲಿ ಎಂಟಾಣೆ ಚಿಲ್ಲರೆ ಯಾರ ಹತ್ತಿರವೂ ಇರಲಿಲ್ಲ. ದಿನಗೂಲಿ ಮಾಡುವವರೂ ಕೊಡುವ ತೆರಿಗೆ ಇದು. ಅವರಿಗೋಸ್ಕರ ಯಾರೂ ಸುಗ್ರೀವಾಜ್ಞೆ ತರಲಿಲ್ಲ.

ನನಗೆ ಜಾಸ್ತಿ ಸಿಟ್ಟು ಬರಿಸುವುದು ಚುನಾವಣಾ ಬಾಂಡ್, ಅಂದ್ರೆ ಹೆಸರು ಹೊರಬೀಳದಂತೆ ಪಕ್ಷಗಳಿಗೆ ದೇಣಿಗೆ ಕೊಡಲು ಬ್ಯಾಂಕಿನಲ್ಲಿ ಕೊಳ್ಳುತ್ತಿದ್ದ ಪತ್ರ. ಮೊದಲು ಕಂಪನಿಯೊಂದು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ. 7.5ಕ್ಕಿಂತ ಹೆಚ್ಚು ದೇಣಿಗೆ ಪಕ್ಷಗಳಿಗೆ ಕೊಡುವಂತಿರಲಿಲ್ಲ. 2017ರ ಹಣಕಾಸು ಕಾಯ್ದೆ ಆ ಮಿತಿಯನ್ನೇ ತೆಗೆದುಹಾಕಿತು. ನಷ್ಟದಲ್ಲಿರುವ ಕಂಪನಿಯೂ ಎಷ್ಟು ಬೇಕಾದರೂ ಕೊಡಬಹುದಿತ್ತು, ಯಾವ ಪಕ್ಷಕ್ಕೆ ಅಂತ ಹೇಳಬೇಕಾಗಿಯೂ ಇರಲಿಲ್ಲ. ಬಜೆಟ್ ಜೊತೆಗೇ ಹಣ ಮಸೂದೆಯಾಗಿ (ಮನಿ ಬಿಲ್) ತಂದಿದ್ದರಿಂದ ರಾಜ್ಯಸಭೆ ತಡೆಯುವಂತೆಯೂ ಇರಲಿಲ್ಲ. ತೆರಿಗೆ ತೀರ್ಮಾನಿಸುವ ಪಕ್ಷಕ್ಕೆ ಯಾರು ದುಡ್ಡು ಕೊಟ್ಟರು ಅಂತ ಮತ ಹಾಕುವ ನಮಗೇ ಗೊತ್ತಾಗಬಾರದು ಅಂದ್ರೆ ಏನರ್ಥ? 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟ್ ಇದನ್ನೆಲ್ಲ ರದ್ದು ಮಾಡಿತು. ಬಾಂಡ್ ಕೊಂಡವರ ಪಟ್ಟಿ ಹೊರಬಂದಾಗ ಮೊದಲ ಸ್ಥಾನದಲ್ಲಿ ಇದ್ದದ್ದು ಲಾಟರಿ ಕಂಪನಿ ಫ್ಯೂಚರ್ ಗೇಮಿಂಗ್, 1,368 ಕೋಟಿ!

ಬಾಂಡ್ ಕೊಂಡಿದ್ದಕ್ಕೇ ತೆರಿಗೆ ಇಳಿಯಿತು ಅಂತ ನಾನು ಹೇಳುತ್ತಿಲ್ಲ. ಆದರೆ ಅನುಮಾನ ಪರಿಹಾರ ಮಾಡಿಕೊಳ್ಳುವ ದಾರಿಯನ್ನೇ ಏಳು ವರ್ಷ ಮುಚ್ಚಿಟ್ಟಿದ್ದರು, ಅಲ್ವಾ? ಈಗ ಆ ಪಟ್ಟಿ ಚುನಾವಣಾ ಆಯೋಗದ ವೆಬ್‌ಸೈಟ್‌ನಲ್ಲಿದೆ. ಯಾರು ಯಾವತ್ತು ಕೊಂಡರು, ಯಾವ ಪಕ್ಷ ಯಾವತ್ತು ನಗದು ಮಾಡಿಕೊಂಡಿತು ಅನ್ನುವುದು 2019ರ ಏಪ್ರಿಲ್‌ನಿಂದ ಈಚಿನದು ಸಿಗುತ್ತದೆ. ತೆರಿಗೆ ತೀರ್ಮಾನಗಳ, ಸರ್ಕಾರಿ ಟೆಂಡರ್‌ಗಳ ದಿನಾಂಕವನ್ನು ಪಕ್ಕದಲ್ಲಿಟ್ಟುಕೊಂಡು ನೀವೇ ಒಮ್ಮೆ ಓದಿ.