ಮುತ್ಯಾನ ಎರಡು ಬಾಗಿಲ ಹೆರಾಲ್ಡ್: ಬ್ರೇಕ್ ಮೊದಲು, ಬಣ್ಣ ಕೊನೆಗೆ

ಪ್ರಶ್ನೆ: ನನಗೆ 22 ವರ್ಷ, ಡಿಪ್ಲೊಮಾ ಮುಗಿದಿದೆ. ನಮ್ಮ ಮುತ್ಯಾನ 1966ರ ಎರಡು ಬಾಗಿಲ ಸ್ಟ್ಯಾಂಡರ್ಡ್ ಹೆರಾಲ್ಡ್ ಹತ್ತು ವರ್ಷದಿಂದ ಶೆಡ್ಡಿನಾಗ ನಿಂತೈತಿ. ಕೈಯಲ್ಲಿ ಒಂದೂವರೆ ಲಕ್ಷ ಇದೆ. ಟಾಪ್ ಕತ್ತರಿಸಿ ಕೂಪೆ ಮಾಡಿ, ಗಾಡಿ ತಗ್ಗಿಸಿ, ಅಗಲ ಟೈರ್ ಹಾಕಬೇಕಂತ ಆಸೆ. ಎಲ್ಲಿಂದ ಶುರು ಮಾಡಲಿ? – ಓದುಗ, ಕಲಬುರಗಿ

ಉತ್ತರ: ಕತ್ತರಿಸುವ ಮಷಿನ್ ಕೆಳಗಿಡಿ. ಟ್ರಯಂಫ್ ಹೆರಾಲ್ಡ್ 1959ರಲ್ಲಿ ಇಂಗ್ಲೆಂಡಿನಲ್ಲಿ ಬಂದಾಗ ಕೂಪೆ ರೂಪವೂ ಇತ್ತು. ಅದನ್ನೇ ಮದ್ರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಸ್ಟ್ಯಾಂಡರ್ಡ್ ಹೆರಾಲ್ಡ್ ಹೆಸರಿನಲ್ಲಿ 1961ರಿಂದ ಇಲ್ಲಿ ತಯಾರಿಸಿತು, ಮೊದಲು ಬಂದದ್ದು ಎರಡು ಬಾಗಿಲ ಸಲೂನ್. ಎರಡರ ವಿನ್ಯಾಸವೂ ಇಟಲಿಯ ಜಿಯೊವಾನಿ ಮಿಕೆಲೋಟಿಯದು. ಈ ಕಾರಿನ ದೊಡ್ಡ ಗುಣವೆಂದರೆ ಅದಕ್ಕೆ ಪ್ರತ್ಯೇಕ ಚಾಸಿ ಇದೆ, ಅದರ ಮೇಲೆ ಬಾಡಿಯ ಭಾಗಗಳನ್ನು ಬೋಲ್ಟ್ ಮಾಡಿದ್ದಾರೆ. ಟಾಪ್ ಕೂಡ ಬೋಲ್ಟಿನದೇ. ಮುಂಭಾಗ ಇಡೀ ಮುಂದಕ್ಕೆ ಮಗುಚುತ್ತದೆ, ಮುಂದಿನ ಟೈರ್ ಮೇಲೆ ಕುಳಿತೇ ಎಂಜಿನ್ ಕೆಲಸ ಮಾಡಬಹುದು. ಹೊಸದಾಗಿ ಕಲಿಯುವವರಿಗೆ ಇದಕ್ಕಿಂತ ಅನುಕೂಲದ ಹಳೇ ಕಾರು ನಮ್ಮ ದೇಶದಲ್ಲಿ ಅಪರೂಪ. ಬಿಚ್ಚಲು ಬರುವಂತೆ ಕಟ್ಟಿದ ಗಾಡಿಯನ್ನು ಕತ್ತರಿಸಿದರೆ ಆ ಗುಣವೇ ಹೋಗುತ್ತದೆ. ನಿಮ್ಮ ಯೋಜನೆಗೆ ಒಂದೇ ನಿಯಮ ಇಟ್ಟುಕೊಳ್ಳಿ: ಮಾಡುವ ಪ್ರತಿ ಬದಲಾವಣೆಯನ್ನೂ ಸ್ಪ್ಯಾನರ್ ಹಿಡಿದು ವಾಪಸ್ ಬಿಚ್ಚಲು ಬರಬೇಕು, ತೆಗೆದ ಮೂಲ ಭಾಗ ಚೀಟಿ ಕಟ್ಟಿದ ಡಬ್ಬಿಯಲ್ಲಿ ಇರಬೇಕು.

ಇದಕ್ಕೆ ಕಾನೂನಿನ ಕಾರಣವೂ ಇದೆ. 2021ರ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದ ಕಾರನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ನಿಯಮದಲ್ಲಿರುವ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ನಂಬರಿನಲ್ಲಿ ‘ವಿಎ’ ಅಕ್ಷರ ಬರುತ್ತದೆ. ಆ ನೋಂದಣಿಯಲ್ಲಿ ದಿನನಿತ್ಯ ಓಡಿಸುವಂತಿಲ್ಲ, ಪ್ರದರ್ಶನ, ರ‍್ಯಾಲಿ, ರಿಪೇರಿ ಮುಂತಾದವಕ್ಕೆ ಮಾತ್ರ. ಈಗಲೇ ಅದಕ್ಕೆ ಹೋಗಬೇಕೆಂದಿಲ್ಲ. ಆದರೆ ಟಾಪ್ ಕತ್ತರಿಸಿದರೆ ಆ ಅವಕಾಶದ ಬಾಗಿಲು ಕಾಯಂ ಮುಚ್ಚುತ್ತದೆ. ಸಾಮಾನ್ಯ ನೋಂದಣಿಯಲ್ಲೇ ಇಟ್ಟುಕೊಳ್ಳುವುದಾದರೆ ಮೊದಲು ಆರ್‌ಸಿ ನವೀಕರಣ ಆಗಿದೆಯೇ ನೋಡಿ: 15 ವರ್ಷದ ನಂತರ ಪ್ರತಿ 5 ವರ್ಷಕ್ಕೊಮ್ಮೆ ಆಗಬೇಕು. ಆರ್‌ಸಿ ಇನ್ನೂ ಮುತ್ಯಾನ ಹೆಸರಲ್ಲಿದ್ದರೆ ಒಂದು ರೂಪಾಯಿ ಖರ್ಚು ಮಾಡುವ ಮೊದಲೇ ಹೆಸರು ಬದಲಿಸಿಕೊಳ್ಳಿ.

ಈಗ ಶೆಡ್ಡಿಗೆ ಬರೋಣ. ಮೊದಲ ಖರೀದಿ ಇಂಚಿನ ಸ್ಪ್ಯಾನರ್ ಸೆಟ್. ಈ ಕಾರಿನ ಬೋಲ್ಟುಗಳು ಯುಎನ್‌ಎಫ್ ಎಂಬ ಇಂಚಿನ ಅಳತೆಯ ಥ್ರೆಡ್ಡಿನವು. 7/16, 1/2, 9/16, 5/8 ಇಂಚಿನವು ಹೆಚ್ಚು ಬೇಕಾಗುತ್ತವೆ. 13 ಮಿ.ಮೀ. ಸ್ಪ್ಯಾನರ್ 1/2 ಇಂಚಿಗೆ ಕುಳಿತಂತೆ ಕಾಣುತ್ತದೆ, ತುಕ್ಕು ಹಿಡಿದ ಬೋಲ್ಟಿನ ಮೂಲೆಗಳನ್ನು ತಿಂದುಹಾಕುತ್ತದೆ. ಜೊತೆಗೆ ನಾಲ್ಕು ಆ್ಯಕ್ಸಲ್ ಸ್ಟ್ಯಾಂಡ್. ಬರೀ ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ಯಾವ ಕಾರಣಕ್ಕೂ ಹೋಗಬೇಡಿ.

ಎಂಜಿನನ್ನು ಸೆಲ್ಫ್ ಹೊಡೆದು ಎಬ್ಬಿಸಲು ಹೋಗಬೇಡಿ. ನಾಲ್ಕೂ ಪ್ಲಗ್ ತೆಗೆದು ಪ್ರತಿ ಸಿಲಿಂಡರಿಗೆ 10 ಮಿ.ಲೀ. ತೆಳು ಎಣ್ಣೆ ಬಿಡಿ, ಎರಡು ದಿನ ಕಾಯಿರಿ. ನಂತರ ಕ್ರ್ಯಾಂಕ್ ಪುಲ್ಲಿಯ ನಟ್ ಹಿಡಿದು ಕೈಯಿಂದಲೇ ತಿರುಗಿಸಿ. ಸಲೀಸಾಗಿ ಎರಡು ಸುತ್ತು ಬಂದರೆ ಹಳೇ ಆಯಿಲ್ ಬಸಿದು, ಫಿಲ್ಟರ್ ಬದಲಿಸಿ, 20ಡಬ್ಲ್ಯು-50 ಮಿನರಲ್ ಆಯಿಲ್ ಹಾಕಿ. 4 ಲೀಟರ್ ಹಾಕಿ ಡಿಪ್‌ಸ್ಟಿಕ್ ನೋಡುತ್ತ ಉಳಿದದ್ದನ್ನು ಸೇರಿಸಿ. ಪ್ಲಗ್ ಹಾಕದೆಯೇ ಸೆಲ್ಫ್ ಕೊಟ್ಟು, ಆಯಿಲ್ ದೀಪ ಆರಿದ ಮೇಲೆಯೇ ಪ್ಲಗ್ ಹಾಕಬೇಕು. ಪ್ಲಗ್ ಗ್ಯಾಪ್ 0.025 ಇಂಚು, ಪಾಯಿಂಟ್ ಗ್ಯಾಪ್ 0.015, ಟ್ಯಾಪೆಟ್ (ವಾಲ್ವ್) ಗ್ಯಾಪ್ ತಣ್ಣಗಿದ್ದಾಗ 0.010, ಫೈರಿಂಗ್ ಕ್ರಮ 1-3-4-2. ಟ್ಯಾಂಕಿನ ಹಳೇ ಪೆಟ್ರೋಲ್ ಪೂರ್ತಿ ಬಸಿದುಬಿಡಿ, ಅದು ಈಗ ಅಂಟು.

ಸ್ಟಾರ್ಟ್ ಆಯಿತೆಂದು ಹಿಗ್ಗುವ ಮೊದಲು ಒಂದು ಪರೀಕ್ಷೆ ಮಾಡಿ. ಎಂಜಿನ್ ಬಂದ್ ಮಾಡಿ ಒಬ್ಬರು ಕ್ಲಚ್ ಒತ್ತಿ ಬಿಡಲಿ, ಇನ್ನೊಬ್ಬರು ಮುಂದಿನ ಪುಲ್ಲಿ ಹಿಂದೆ-ಮುಂದೆ ಸರಿಯುತ್ತದೆಯೇ ನೋಡಲಿ. ಕ್ರ್ಯಾಂಕಿನ ಈ ಸರಿದಾಟ 0.1ರಿಂದ 0.2 ಮಿ.ಮೀ. ಒಳಗಿರಬೇಕು. ಕಣ್ಣಿಗೆ ಎದ್ದು ಕಾಣುವಷ್ಟು ಸರಿದರೆ ಹಿಂದಿನ ಮೇನ್ ಬೇರಿಂಗಿನ ಅರ್ಧಚಂದ್ರ ಥ್ರಸ್ಟ್ ವಾಷರ್ ಸವೆದಿವೆ. ಇನ್ನೂ ಓಡಿಸಿದರೆ ಅವು ಎಂಜಿನ್ ತಳದ ಆಯಿಲ್ ಸಂಪಿನೊಳಗೆ ಬೀಳುತ್ತವೆ, ಕ್ರ್ಯಾಂಕ್ ಮತ್ತು ಬ್ಲಾಕ್ ಎರಡೂ ಸವೆದು ಹಾಳಾಗುತ್ತವೆ. ಈಗಲಾದರೆ ಸಂಪ್ ಇಳಿಸಿ, ಹಿಂದಿನ ಕ್ಯಾಪ್ ತೆಗೆದು, ಎಂಜಿನ್ ಎತ್ತದೆಯೇ ಹೊಸ ವಾಷರ್ ಕೂರಿಸಬಹುದು. ಗೀರುಗಳಿರುವ ಮುಖ ಕ್ರ್ಯಾಂಕಿನ ಕಡೆಗೆ ಇರಬೇಕು. ಬ್ಲಾಕಿನ ಕಡೆಗೆ ಹಾಕುವುದು ಮೆಕ್ಯಾನಿಕ್‌ಗಳೂ ಮಾಡುವ ತಪ್ಪು.

ಇನ್ನು ಜೀವ ಉಳಿಸುವ ಭಾಗಗಳು. ಮುಂದಿನ ಚಕ್ರಗಳು ಕೆಳಗೆ ಟ್ರನಿಯನ್ ಎಂಬ ಹಿತ್ತಾಳೆಯಂಥ, ಥ್ರೆಡ್ ಇರುವ ಕೀಲುಗಳ ಮೇಲೆ ತಿರುಗುತ್ತವೆ. ಅವಕ್ಕೆ ಬೇಕಾದದ್ದು ಇಪಿ 90 ಗೇರ್ ಎಣ್ಣೆ. ನಮ್ಮ ಗ್ಯಾರೇಜುಗಳಲ್ಲಿ ನಿಪ್ಪಲ್ ಕಂಡಲ್ಲೆಲ್ಲ ಗ್ರೀಸ್ ಹೊಡೆಯುವ ರೂಢಿ. ಗ್ರೀಸ್ ಥ್ರೆಡ್ಡಿನ ಒಳಗೆ ಒಣಗಿ ಗಟ್ಟಿಯಾಗುತ್ತದೆ, ಮಳೆಗಾಲದಲ್ಲಿ ನೀರು ನುಗ್ಗಿ ಒಳಗಿನ ಉಕ್ಕಿನ ಲಿಂಕ್ ಕೊರೆಯುತ್ತದೆ, ಒಂದು ದಿನ ತಿರುವಿನಲ್ಲಿ ಲಿಂಕ್ ಮುರಿದು ಚಕ್ರ ಮಡಚಿಕೊಳ್ಳುತ್ತದೆ. ಹತ್ತು ವರ್ಷ ನಿಂತ ಗಾಡಿಯಲ್ಲಿ ಎರಡೂ ಕಡೆ ಬಿಚ್ಚಿ, ಲಿಂಕಿನ ಥ್ರೆಡ್ಡಿನಲ್ಲಿ ಗುಂಡಿ-ತುಕ್ಕು ಇದ್ದರೆ ಬದಲಿಸಲೇಬೇಕು. ಹೊಸದಕ್ಕೆ ಗ್ರೀಸ್ ಗನ್ನಿನಲ್ಲೇ ಎಣ್ಣೆ ತುಂಬಿ, ಮೇಲಿಂದ ಹೊರಬರುವ ತನಕ ಪಂಪ್ ಮಾಡಿ; ಪ್ರತಿ 5,000 ಕಿ.ಮೀ.ಗೆ ಅಥವಾ ವರ್ಷಕ್ಕೊಮ್ಮೆ.

ಬ್ರೇಕ್ ಒಂದೇ ಸರ್ಕ್ಯೂಟಿನದು: ಎಲ್ಲಿ ಸೋರಿದರೂ ನಾಲ್ಕೂ ಚಕ್ರದ ಬ್ರೇಕ್ ಒಟ್ಟಿಗೆ ಹೋಗುತ್ತದೆ. ಹಾಗಾಗಿ ನಾಲ್ಕೂ ರಬ್ಬರ್ ಹೋಸ್, ಮಾಸ್ಟರ್ ಸಿಲಿಂಡರ್ ಮತ್ತು ಎಲ್ಲ ವ್ಹೀಲ್ ಸಿಲಿಂಡರ್‌ಗಳ ಸೀಲ್, ತುಕ್ಕು ಹಿಡಿದ ಕಬ್ಬಿಣದ ಪೈಪು ಎಲ್ಲವನ್ನೂ ಒಂದೇ ಬಾರಿ ಬದಲಿಸಿ. ಡಾಟ್ 4 ದರ್ಜೆಯ ಬ್ರೇಕ್ ದ್ರವ ಹಾಕಿ ದೂರದ ಚಕ್ರದಿಂದ ಗಾಳಿ ತೆಗೆಯುತ್ತ ಬನ್ನಿ. ಮುಂದೆ ಡಿಸ್ಕ್ ಬೇಕೆಂದರೆ ಟ್ರಯಂಫ್ ಸ್ಪಿಟ್‌ಫೈರ್‌ನ ಲಿಂಕ್, ಹಬ್, ಕ್ಯಾಲಿಪರ್ ಬೋಲ್ಟ್‌ನಲ್ಲೇ ಕೂರುತ್ತವೆ. ಇಂಗ್ಲೆಂಡಿನಿಂದ ತರಿಸಬೇಕು, ಈ ವರ್ಷದ ಬಜೆಟ್‌ಗೆ ಅದು ಹಿಡಿಯುವುದಿಲ್ಲ. ಸರಿಯಾಗಿ ಕೂರಿಸಿದ ಡ್ರಮ್ ಮೂಲ ಎಂಜಿನ್ ವೇಗಕ್ಕೆ ಸಾಕು.

ಚಾಸಿಯ ಪಕ್ಕಕ್ಕೆ ಚಾಚಿ ಬಾಡಿ ಹೊರುವ ಔಟ್‌ರಿಗ್ಗರ್ ಮತ್ತು ಅಡ್ಡಪಟ್ಟಿಗಳನ್ನು ಸ್ಕ್ರೂಡ್ರೈವರಿನಿಂದ ಕುಟ್ಟಿ ನೋಡಿ. ಕಲಬುರಗಿಯ ಹವೆ ಒಣ, ಆದರೂ ಎರೆಮಣ್ಣು ಮೂಲೆಗಳಲ್ಲಿ ಮೆತ್ತಿಕೊಂಡು ತಿಂಗಳುಗಟ್ಟಲೆ ತೇವ ಹಿಡಿದಿಡುತ್ತದೆ. ತುಕ್ಕು ಅಲ್ಲೇ ಹುಟ್ಟುತ್ತದೆ. ಸ್ಕ್ರೂಡ್ರೈವರ್ ಒಳಗಿಳಿದರೆ ಆ ತುಂಡು ಕತ್ತರಿಸಿ ಹೊಸ ತಗಡು ಬೆಸೆಯಿಸಿ, ಪುಟ್ಟಿ ಬಳಿಯಬೇಡಿ. ಹಾಂ, ಕತ್ತರಿಸಲು ನಾವು ಒಪ್ಪುವ ಜಾಗ ಇದೊಂದೇ.

ತಗ್ಗಿಸುವ ವಿಷಯ. ಹಿಂದೆ ಅಡ್ಡಲಾಗಿ ಒಂದೇ ಎಲೆ ಸ್ಪ್ರಿಂಗ್, ಎರಡು ಕಡೆ ತೂಗಾಡುವ ಆ್ಯಕ್ಸಲ್. ತಿರುವಿನ ನಡುವೆ ಆ್ಯಕ್ಸಿಲರೇಟರ್ ಬಿಟ್ಟರೆ ಹಿಂಭಾಗ ಎದ್ದು, ಹೊರಗಿನ ಚಕ್ರ ಒಳಕ್ಕೆ ಮಡಚಿ ಗಾಡಿ ಜಾರುತ್ತದೆ. 1972ರಲ್ಲಿ ಬಂದ ಸ್ಟ್ಯಾಂಡರ್ಡ್ ಗೆಝಲ್‌ಗೆ ಗಟ್ಟಿ ಆ್ಯಕ್ಸಲ್ ಕೊಟ್ಟರು. ಹಿಂಭಾಗವನ್ನು ಒಂದು ಇಂಚು ತಗ್ಗಿಸಿದರೆ ಈ ಗುಣ ನಿಜಕ್ಕೂ ಸುಧಾರಿಸುತ್ತದೆ: ಡಿಫ್ (ಡಿಫರೆನ್ಷಿಯಲ್) ಮತ್ತು ಸ್ಪ್ರಿಂಗ್ ನಡುವೆ ಒಂದಿಂಚಿನ ಬ್ಲಾಕ್, ಉದ್ದ ಸ್ಟಡ್, ಅಷ್ಟೇ. ಅದಕ್ಕಿಂತ ಹೆಚ್ಚು ಬೇಡ, ನಮ್ಮ ಹಂಪುಗಳಿಗೆ ಸೈಲೆನ್ಸರ್ ತಗಲುತ್ತದೆ. ಎಲೆಗಳನ್ನು ಕಾಯಿಸಿ ಬಗ್ಗಿಸುವುದಂತೂ ಬೇಡವೇ ಬೇಡ. ಉಕ್ಕಿನ ಹದ ಹೋಗಿ ಸ್ಪ್ರಿಂಗ್ ಮುರಿಯುತ್ತದೆ.

ಒಂದೂವರೆ ಲಕ್ಷದಲ್ಲಿ 50 ಸಾವಿರ ಮುಟ್ಟದೆ ಪಕ್ಕಕ್ಕಿಡಿ. ಬಿಚ್ಚಿದ ಮೇಲೆ ಕಾಣುವ ಕೆಲಸಕ್ಕೆ ಅದು ಬೇಕಾಗುತ್ತದೆ. ಬಣ್ಣ ಈ ವರ್ಷ ಬೇಡ. ಮೊದಲು ಬಣ್ಣ ಹೊಡೆಸಿದವರ ಗಾಡಿ ಹೊಳೆಯುತ್ತ ಶೆಡ್ಡಿನಲ್ಲೇ ಉಳಿಯುವುದು ನೋಡಿದಾಗ ನಮಗೆ ಬೇಸರವಾಗುತ್ತದೆ.

ಪ್ರಶ್ನೆ: ನಮ್ಮದೂ ಹೆರಾಲ್ಡ್. ಮೇ ತಿಂಗಳಲ್ಲಿ ಬೀದರ್‌ನಿಂದ ಹುಮನಾಬಾದ್ ಮುಟ್ಟಿ ಚಹಾ ಕುಡಿದು ಬಂದರೆ ಸ್ಟಾರ್ಟ್ ಆಗೋದಿಲ್ಲ. ಅರ್ಧ ತಾಸು ಬಿಟ್ಟರೆ ಆಗುತ್ತದೆ. – ಓದುಗ, ಬೀದರ್

ಉತ್ತರ: ಈ ಎಂಜಿನಿನಲ್ಲಿ ಕಾರ್ಬುರೇಟರ್ ಮತ್ತು ಎಕ್ಸಾಸ್ಟ್ ಒಂದೇ ಪಕ್ಕದಲ್ಲಿವೆ. ಓಡುವಾಗ ಗಾಳಿ ಆಡುತ್ತದೆ. ನಿಂತ ಕೂಡಲೇ ಕೆಳಗಿನ ಕಾವು ಮೇಲೇರಿ ಕಾರ್ಬುರೇಟರಿನ ಪೆಟ್ರೋಲನ್ನು ಕುದಿಸುತ್ತದೆ. ಎಥೆನಾಲ್ ಬೆರೆತ ಈಗಿನ ಪೆಟ್ರೋಲ್ ಹಳೆಯದಕ್ಕಿಂತ ಬೇಗ ಆವಿಯಾಗುತ್ತದೆ. ಕಾರ್ಬುರೇಟರ್ ಕೆಳಗೆ 6ರಿಂದ 8 ಮಿ.ಮೀ. ಬೇಕಲೈಟ್ ಸ್ಪೇಸರ್, ಅದಕ್ಕೂ ಎಕ್ಸಾಸ್ಟಿಗೂ ನಡುವೆ ಅಲ್ಯೂಮಿನಿಯಂ ತಗಡು ಹಾಕಿ, ಪೆಟ್ರೋಲ್ ಪೈಪನ್ನು ಎಕ್ಸಾಸ್ಟಿನಿಂದ ದೂರ ಸರಿಸಿ. ಹಳೇ ರಬ್ಬರ್ ಪೈಪು, ಪಂಪಿನ ಡಯಾಫ್ರಾಮ್ ಎಥೆನಾಲಿಗೆ ಉಬ್ಬಿ ಬಿರಿಯುತ್ತವೆ. ಎಸ್‌ಎಇ ಜೆ30 ಆರ್9 ದರ್ಜೆಯ ಹೋಸ್ ಕೇಳಿ ತರಿಸಿ. ಇ20 ಪೆಟ್ರೋಲಿನಲ್ಲಿ (ಶೇ 20 ಎಥೆನಾಲ್ ಬೆರೆತದ್ದು) ಮಿಶ್ರಣ ತೆಳುವಾಗುವುದರಿಂದ ಮೇನ್ ಜೆಟ್ ಒಂದು ಸೈಜ್ ದೊಡ್ಡದು ಹಾಕಿ, ಪ್ಲಗ್ ತುದಿ ಕಂದು ಬಣ್ಣಕ್ಕೆ ಬರುವುದೇ ನೋಡಿ. ಬಿಳಿಚಿದ್ದರೆ ಇನ್ನೂ ತೆಳು.

ರೇಡಿಯೇಟರಿಗೆ ಬೋರ್ ನೀರು ಹಾಕುತ್ತಿದ್ದರೆ ಇವತ್ತೇ ನಿಲ್ಲಿಸಿ. ನಮ್ಮ ಭಾಗದ ಗಡಸು ನೀರಿನ ಸುಣ್ಣ ಟ್ಯೂಬುಗಳಲ್ಲಿ ಕಟ್ಟುತ್ತದೆ. ಲೀಟರಿಗೆ 50 ಗ್ರಾಂ ಸಿಟ್ರಿಕ್ ಆ್ಯಸಿಡ್ ಬೆರೆಸಿ 20 ನಿಮಿಷ ಬಿಸಿಯಾಗಿ ಓಡಿಸಿ ಬಸಿಯಿರಿ, ನೀರು ತಿಳಿಯಾಗುವ ತನಕ ತೊಳೆದು ಡಿಸ್ಟಿಲ್ಡ್ ನೀರು, ಕೂಲೆಂಟ್ ಸಮ ಪ್ರಮಾಣದಲ್ಲಿ ತುಂಬಿ. ಇನ್ನೊಂದು ಗಮನಿಸಿ: ಟ್ಯಾಪೆಟ್ ಗ್ಯಾಪ್ ಪ್ರತಿ ಸಲ ಕಡಿಮೆಯಾಗುತ್ತಿದ್ದರೆ ಸೀಸವಿಲ್ಲದ ಪೆಟ್ರೋಲಿಗೆ ಎಕ್ಸಾಸ್ಟ್ ವಾಲ್ವ್ ಸೀಟ್ ಸವೆಯುತ್ತಿದೆ. ಹೆಡ್ ಇಳಿಸಿದಾಗ ಗಟ್ಟಿ ಸೀಟ್ ಹಾಕಿಸಿ.

ಪ್ರಶ್ನೆ: ಹೆರಾಲ್ಡಿಗೆ ಜಿಪ್ಸಿಯ 1.3 ಎಂಜಿನ್ ಹಾಕಿಸಬಹುದೇ? – ಓದುಗ, ಯಾದಗಿರಿ

ಉತ್ತರ: ಬೇಡ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯ ವಿವರಗಳು ತಯಾರಕರ ಮೂಲ ವಿವರಕ್ಕೆ ವ್ಯತ್ಯಾಸವಾಗುವಂತೆ ವಾಹನ ಮಾರ್ಪಡಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. 182ಎ ಕಲಂನಲ್ಲಿ ಇಂಥ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಅಪಘಾತವಾದರೆ ವಿಮೆಯ ಹಣಕ್ಕೂ ತಕರಾರು ಬರುತ್ತದೆ. ಯಂತ್ರದ ದೃಷ್ಟಿಯಿಂದಲೂ, ಸುಮಾರು 35 ಅಶ್ವಶಕ್ತಿಗೆ ಮಾಡಿದ ಡಿಫ್, ಆ್ಯಕ್ಸಲ್, ಡ್ರಮ್ ಬ್ರೇಕುಗಳ ಮೇಲೆ ಅದರ ಸುಮಾರು ಎರಡು ಪಟ್ಟು ಹೊರೆ ಹಾಕಿದಂತಾಗುತ್ತದೆ. ಇದೇ 948 ಸಿಸಿ ಎಂಜಿನಿಗೆ ಇಂಗ್ಲೆಂಡಿನ ಕೂಪೆಯಲ್ಲಿ ಜೋಡಿ ಎಸ್‌ಯು ಕಾರ್ಬುರೇಟರ್ ಕೊಟ್ಟು ಸುಮಾರು 45 ಅಶ್ವಶಕ್ತಿ ತೆಗೆದಿದ್ದರು. ಕಾರ್ಬುರೇಟರ್ ಜೊತೆಗೆ ಕಂಪ್ರೆಷನ್, ಕ್ಯಾಮ್ ಕೂಡ ಹೊಂದಿಸಬೇಕು, ಆದರೆ ಎಂಜಿನ್ ನಂಬರ್, ಸಿಸಿ ಹಾಗೇ ಉಳಿಯುತ್ತವೆ. ಶಕ್ತಿ ಬೇಕಾದರೆ ಆ ದಾರಿ ಹಿಡಿಯಿರಿ, ಬ್ರೇಕ್ ಮುಗಿದ ಮೇಲೆ.

ಪ್ರಶ್ನೆ: ಹಳೇ ಹೆರಾಲ್ಡಿಗೆ ಯಾವ ಅಲಾಯ್ ವ್ಹೀಲ್ ಕೂರುತ್ತದೆ? – ಓದುಗ, ಕಲಬುರಗಿ

ಉತ್ತರ: ಅಂಗಡಿಯಲ್ಲಿ ಸಿಗುವುದು ಯಾವುದೂ ಕೂರುವುದಿಲ್ಲ. ಹೆರಾಲ್ಡಿನ ನಾಲ್ಕು ಸ್ಟಡ್‌ಗಳ ವೃತ್ತದ ವ್ಯಾಸ 95.25 ಮಿ.ಮೀ., ಇಲ್ಲಿನ ಸಣ್ಣ ಕಾರುಗಳದ್ದು ಹೆಚ್ಚಾಗಿ 100 ಅಥವಾ 114.3. ನಾಲ್ಕೇ ಮುಕ್ಕಾಲು ಮಿ.ಮೀ. ವ್ಯತ್ಯಾಸ ಎಂದು 100ರದ್ದನ್ನು ನಟ್ ಬಿಗಿದು ಎಳೆದು ಕೂರಿಸುವವರಿದ್ದಾರೆ. ಸ್ಟಡ್ ಬಾಗಿ, ನಟ್ ತಾನೇ ಸಡಿಲಾಗಿ, ಚಕ್ರ ಕಳಚುತ್ತದೆ. ಮೂಲ 13 ಇಂಚಿನ ಉಕ್ಕಿನ ರಿಮ್‌ನ ಸೊಟ್ಟ ತೆಗೆಸಿ, ಮರಳು ಹೊಡೆಸಿ, ಪೌಡರ್ ಕೋಟ್ ಮಾಡಿಸಿ. 145/80 ಆರ್13 ರೇಡಿಯಲ್ ಟೈರ್ ಹಾಕಿ. ಈಗಿನ ಆಲ್ಟೊ ಕೆ10ಗೂ ಅದೇ ಅಳತೆ ಇರುವುದರಿಂದ ಯಾದಗಿರಿಯಲ್ಲೂ ಸಿಗುತ್ತದೆ. ಹಾಕಿದ ಮೇಲೆ 100 ಕಿ.ಮೀ. ಓಡಿಸಿ ನಟ್‌ಗಳನ್ನು ಮತ್ತೊಮ್ಮೆ ಬಿಗಿ ಮಾಡಿ.