ಐದು ದಿನದ ಟ್ರೈನಿಂಗ್, ಆಮೇಲೆ ಅದೇ ಮೆಷಿನ್

ಪೀಣ್ಯದ ಕಾರ್ಖಾನೆಯೊಂದರಲ್ಲಿ 11 ವರ್ಷದಿಂದ ಸಿಎನ್‌ಸಿ (ಕಂಪ್ಯೂಟರ್ ಪ್ರೋಗ್ರಾಂ ಪ್ರಕಾರ ಲೋಹ ಕತ್ತರಿಸುವ ಮೆಷಿನ್) ಆಪರೇಟರ್ ಆಗಿರುವ ಇವರನ್ನು ಆಪ್ತಸಮಾಲೋಚನೆಗೆಂದು ನನ್ನ ಬಳಿ ಕರೆತಂದದ್ದು ಅವರ ಹೆಂಡತಿ. ರಾತ್ರಿ ನಿದ್ದೆಯಿಲ್ಲ, ಮಕ್ಕಳ ಮೇಲೆ ರೇಗಾಟ. (ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ; ಬರೆಯಲು ಅವರ ಒಪ್ಪಿಗೆಯಿದೆ.)

"ನನ್ನ ಕೈಕೆಳಗೆ ಕೆಲಸ ಕಲಿತ ಹುಡುಗ ಈಗ ಪ್ರೋಗ್ರಾಮರ್, ಮೇಡಂ. ಅವನು ಬರೆದುಕೊಟ್ಟಿದ್ದಕ್ಕೆ ನಾನು ಬಟನ್ ಒತ್ತಬೇಕು. ಕಂಪನಿಯೋರು ನನ್ನನ್ನೂ ಟ್ರೈನಿಂಗ್‌ಗೆ ಕಳಿಸಿದ್ರು. ನನ್ನ ತಲೆಗೇ ಹತ್ತಲಿಲ್ಲ."

ಈ ಮಾತನ್ನು ನಾನು ಸುಲಭಕ್ಕೆ ಒಪ್ಪುವವಳಲ್ಲ. ಕಲಿತದ್ದರಲ್ಲಿ ನೆನಪಿರುವಷ್ಟನ್ನು ನನಗೆ ಹೇಳಿಕೊಡಿ ಎಂದೆ. ಮೇಜಿನ ಮೇಲಿದ್ದ ಪೆನ್ನನ್ನು ಟೂಲ್, ನೀರಿನ ಲೋಟವನ್ನು ಜಾಬ್ (ಕತ್ತರಿಸಬೇಕಾದ ತುಂಡು) ಮಾಡಿಕೊಂಡು ಶುರು ಮಾಡಿದರು. ಪ್ರೋಗ್ರಾಂನಲ್ಲಿ ಜಿ00 ಎಂದರೆ ಟೂಲ್ ಏನನ್ನೂ ಕತ್ತರಿಸದೆ ಜಾಬ್ ಹತ್ತಿರಕ್ಕೆ ಓಡುವುದು. ಜಿ01 ಎಂದರೆ ನಾವು ಕೊಟ್ಟ ಫೀಡ್‌ನಲ್ಲಿ, ಅಂದರೆ ಟೂಲ್ ಮುಂದೆ ಸಾಗುವ ವೇಗದಲ್ಲಿ, ಕತ್ತರಿಸುತ್ತ ನೇರ ಸಾಗುವುದು. "ಇದರ ಜಾಗದಲ್ಲಿ ಅದನ್ನ ಹಾಕಿದ್ರೆ ಟೂಲ್ ಹೋಗಿ ಗುದ್ದತ್ತೆ" ಎಂದು ಪೆನ್ನನ್ನು ಲೋಟಕ್ಕೆ ತಾಗಿಸಿ ತೋರಿಸಿದರು. ನನಗೂ ಅರ್ಥವಾಯಿತು.

ಆದದ್ದಿಷ್ಟೇ: ತರಬೇತಿ ಮುಗಿಸಿ ಬಂದ ಮರುದಿನ ಅದೇ ಮೆಷಿನ್, ಅದೇ ಟಾರ್ಗೆಟ್. ಎಂಟು ತಿಂಗಳು ಒಂದು ಸಾಲು ಪ್ರೋಗ್ರಾಂ ಬರೆಯಲೂ ಯಾರೂ ಬಿಡಲಿಲ್ಲ, ಇವರೂ ಕೇಳಲಿಲ್ಲ. ನನ್ನ ಪ್ರಕಾರ ಇಲ್ಲಿ ತಪ್ಪು ಕಂಪನಿಯದೇ ಹೆಚ್ಚು. ಸರ್ಟಿಫಿಕೇಟ್ ಕೊಟ್ಟು ಕೆಲಸ ಕೊಡದಿದ್ದರೆ, ಕಲಿತವನಿಗೆ ತನ್ನ ಮೇಲಿದ್ದ ನಂಬಿಕೆಯೂ ಹೋಗುತ್ತದೆ.

ಸೂಪರ್‌ವೈಸರ್ ಹತ್ತಿರ ಬಡ್ತಿ ಕೇಳಬೇಡಿ, ವಾರಕ್ಕೊಂದು ಸಣ್ಣ ಜಾಬಿನ ಪ್ರೋಗ್ರಾಂ ಕೇಳಿ ಎಂದೆ. ಬರೆದದ್ದನ್ನು ಆ ಹುಡುಗ ನೋಡಲಿ. ಮೊದಲ ಪೀಸನ್ನು ಸಿಂಗಲ್ ಬ್ಲಾಕ್‌ನಲ್ಲಿ, ಒಂದೊಂದೇ ಸಾಲಾಗಿ ಓಡಿಸಿ. ಬುನಾದಿ ಸಾಲದು ಅನ್ನಿಸಿದರೆ ರಾಜಾಜಿನಗರದ ಜಿಟಿಟಿಸಿಯಲ್ಲಿ (ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ) ಅಲ್ಪಾವಧಿ ಕೋರ್ಸ್ ವಿಚಾರಿಸಿ. ಇನ್ನೊಂದು ಟ್ರೈನಿಂಗ್‌ಗೆ ಹೆಸರು ಬಂದರೆ, ಬಂದಮೇಲೆ ಯಾವ ಕೆಲಸ ಕೊಡುತ್ತೀರಿ ಎಂದು ಹೋಗುವ ಮುಂಚೆಯೇ ಕೇಳಿ.

"ನಾನು ಕಲಿಸಿದವನ ಮುಂದೆ ಕೈಕಟ್ಟಿ ನಿಲ್ಲಲಾ?" ಮುಖ ಕೆಂಪಾಗಿತ್ತು. ಎರಡನೇ ಭೇಟಿ ಪೂರ್ತಿ ಇದಕ್ಕೇ ಹೋಯಿತು. ಅವನಿಗೆ ಮೊದಲ ದಿನ ಏನು ಕಲಿಸಿದ್ದಿರಿ ಎಂದು ಕೇಳಿದೆ.

"ಮೈಕ್ರೋಮೀಟರ್ ಹಿಡಿಯೋದು."

"ಆಗ ಅವನನ್ನು ಕೀಳಾಗಿ ಕಂಡಿದ್ರಾ?"

ಬಹಳ ಹೊತ್ತು ಮಾತಾಡಲಿಲ್ಲ.

ಮೂರನೇ ಸಲ ಬಂದಾಗ ಮಡಚಿದ ಹಾಳೆಯೊಂದನ್ನು ಜೇಬಿನಿಂದ ತೆಗೆದರು. ಬುಷ್ (ಕೊಳವೆಯಂಥ ಬಿಡಿಭಾಗ) ಒಂದಕ್ಕೆ ತಾವೇ ಬರೆದ ಪ್ರೋಗ್ರಾಂ. ಎರಡು ಕಡೆ ಹುಡುಗನ ಕೆಂಪು ಪೆನ್ನಿನ ತಿದ್ದುಪಡಿ. ಬಡ್ತಿ ಇನ್ನೂ ಆಗಿಲ್ಲ. ಏಪ್ರಿಲ್‌ನ ಅಪ್ರೈಸಲ್‌ಗೆ ಇಂಥ ಹಾಳೆಗಳನ್ನೆಲ್ಲ ಫೈಲ್ ಮಾಡಿಟ್ಟುಕೊಳ್ಳಿ ಎಂದಿದ್ದೇನೆ.