ವೆಲ್ಲಿಂಗ್ಟನ್‌ಗೆ ಪಾಠ ಹೇಳಿದ ಎತ್ತುಗಳು

ದಾವಣಗೆರೆಯ ನಿವೃತ್ತ ಮೇಷ್ಟ್ರೊಬ್ಬರು ಸಿಟ್ಟಿನಲ್ಲೇ ಪತ್ರ ಬರೆದಿದ್ದಾರೆ. ಹೋದ ಸಂಚಿಕೆಯಲ್ಲಿ ವಾಟರ್ಲೂ ಕದನದ ಬಗ್ಗೆ ಬರೆಯುವಾಗ, ಅಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ವೆಲ್ಲಿಂಗ್ಟನ್ ಡ್ಯೂಕ್ ಯುದ್ಧದ ಕೆಲಸ ಕಲಿತದ್ದು ನಮ್ಮ ಮೈಸೂರು ಸೀಮೆಯಲ್ಲಿ ಎಂದು ಒಂದು ಸಾಲು ಸೇರಿಸಿದ್ದೆ. "ಅಣ್ಣ ಗವರ್ನರ್ ಜನರಲ್ ಆಗಿದ್ದ, ತಮ್ಮ ಮೇಲೆ ಬಂದ, ಅಷ್ಟೇ. ಟಿಪ್ಪುವಿನ ಮೇಲೆ ದಂಡೆತ್ತಿ ಬಂದವನನ್ನು ನೀವು ಯಾಕೆ ಹೊಗಳಬೇಕು?" ಎಂದು ಅವರು ಕೇಳುತ್ತಾರೆ.

ಮೇಷ್ಟ್ರೇ, ಅಣ್ಣನ ವಿಷಯದಲ್ಲಿ ನಿಮ್ಮ ಮಾತು ಸರಿ. ಆರ್ಥರ್ ವೆಲ್ಸ್ಲಿ (ಮುಂದೆ ವೆಲ್ಲಿಂಗ್ಟನ್ ಡ್ಯೂಕ್ ಆದವನು ಇವನೇ) 1793ರಲ್ಲಿ 33ನೇ ರೆಜಿಮೆಂಟಿನ ಲೆಫ್ಟಿನೆಂಟ್ ಕರ್ನಲ್ ಆದದ್ದು ಅಣ್ಣ ಕೊಟ್ಟ ದುಡ್ಡಿನಿಂದ. ಆಗ ಬ್ರಿಟಿಷ್ ಸೈನ್ಯದಲ್ಲಿ ಹುದ್ದೆಗಳನ್ನು ಕೊಳ್ಳಬಹುದಿತ್ತು. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಗೆ ದಂಡಿನ ಮುಂದೆ ನಿಂತು ನುಗ್ಗಿದವನು ಬ್ರಿಟಿಷ್ ಸೇನಾನಿ ಡೇವಿಡ್ ಬೇರ್ಡ್. ಹಿಂದೆ ಅದೇ ಊರಲ್ಲಿ ಮೂರೂವರೆ ವರ್ಷ ಸೆರೆಯಲ್ಲಿ ಕೊಳೆತವನು. ಆದರೆ ಊರಿನ ಅಧಿಕಾರ ಸಿಕ್ಕಿದ್ದು ವೆಲ್ಸ್ಲಿಗೆ. ಬೇರ್ಡ್ ಆ ನೋವನ್ನು ಮರೆಯಲಿಲ್ಲ. ಇದನ್ನೆಲ್ಲ ಒಪ್ಪಿದೆ.

ಅಣ್ಣ ಹುದ್ದೆ ಕೊಡಿಸಬಹುದು. ಸಾವಿರಾರು ಜನರ ಹೊಟ್ಟೆಗೆ ದಿನಾ ಅಕ್ಕಿ ಒದಗಿಸುವುದನ್ನು ಅಣ್ಣ ಕಲಿಸಲಾರ, ಅಲ್ವಾ? 1794ರ ಚಳಿಗಾಲದಲ್ಲಿ ಹಾಲೆಂಡಿನಲ್ಲಿ ಹಸಿವು, ಚಳಿ, ರೋಗದಿಂದ ಸೈನಿಕರು ಸಾಯುವುದನ್ನು ಈ ಹುಡುಗ ಕಣ್ಣಾರೆ ಕಂಡಿದ್ದ. ಹೇಗೆ ಮಾಡಬಾರದು ಅನ್ನುವುದನ್ನು ಅಲ್ಲಿ ಕಲಿತೆ ಎಂದು ಮುದಿತನದಲ್ಲೂ ಹೇಳುತ್ತಿದ್ದ. ಹೇಗೆ ಮಾಡಬೇಕು ಅನ್ನುವುದನ್ನು ಕಲಿತದ್ದು ಇಲ್ಲಿ. ಅದೂ ಮೊದಲು ಸೋತು. 1799ರ ಏಪ್ರಿಲ್ 5ರ ರಾತ್ರಿ ಸುಲ್ತಾನ್‌ಪೇಟೆಯ ಮರಗಳ ತೋಪಿಗೆ ಕತ್ತಲಲ್ಲಿ ನುಗ್ಗಿ, ದಾರಿ ತಪ್ಪಿ, ಟಿಪ್ಪುವಿನ ಸೈನಿಕರಿಂದ ಪೆಟ್ಟು ತಿಂದು ವಾಪಸ್ ಬಂದ. ಹಗಲಲ್ಲಿ ನೋಡದ ಜಾಗಕ್ಕೆ ರಾತ್ರಿ ನುಗ್ಗುವುದಿಲ್ಲ ಎಂದು ಅಂದೇ ತೀರ್ಮಾನಿಸಿದ. ಆ ತೋಪು ಅವನಿಗೆ ಮೊದಲ ಮೇಷ್ಟ್ರು.

ಎರಡನೇ ಮೇಷ್ಟ್ರು ಧೋಂಡಿಯಾ ವಾಘ್. ನಿಮ್ಮ ಜಿಲ್ಲೆಯ ಚನ್ನಗಿರಿಯವನೇ. ಶ್ರೀರಂಗಪಟ್ಟಣ ಬಿದ್ದ ದಿನ ಟಿಪ್ಪುವಿನ ಸೆರೆಯಿಂದ ಹೊರಬಂದು, ದಂಡು ಕಟ್ಟಿ, ತಾನು ಎರಡು ಲೋಕಕ್ಕೂ ರಾಜ ಎಂದು ಘೋಷಿಸಿಕೊಂಡ. ಅವನ ಬೆನ್ನು ಹತ್ತಿ ವೆಲ್ಸ್ಲಿ 1800ರ ಮಳೆಗಾಲದಲ್ಲಿ ತುಂಗಭದ್ರೆ ದಾಟಿ ರಾಣೆಬೆನ್ನೂರು, ಡಂಬಳ, ಮಲಪ್ರಭೆಯ ದಡ ಎಲ್ಲ ಅಲೆದ. ಕೊನೆಗೆ ಸೆಪ್ಟೆಂಬರ್ 10ರಂದು ಕೋಣಗಲ್ಲಿನ ಹತ್ತಿರ ಧೋಂಡಿಯಾ ಸತ್ತ. ಅವನ ಸಾಮಾನು ಸರಂಜಾಮಿನ ನಡುವೆ ಸಿಕ್ಕ ಪುಟ್ಟ ಮಗ ಸಲಾಬತ್ ಖಾನನನ್ನು ವೆಲ್ಸ್ಲಿ ಸಾಕಿಸಿದ. ದೇಶ ಬಿಟ್ಟು ಹೋಗುವಾಗ ಆ ಹುಡುಗನಿಗೆ ಹಣ ಇಟ್ಟು ಹೋದ. ಇದನ್ನೂ ಬರೆಯಬಾರದೇ?

ಆದರೆ ನನಗೆ ಹೇಳಬೇಕಾದದ್ದು ಬೇರೆ. ಓಡುವ ಶತ್ರುವನ್ನು ಹಿಡಿಯಲು ಕುದುರೆ ಸಾಕು. ಆ ಕುದುರೆಯವನಿಗೆ ನಾಳೆ ಊಟ? ಫಿರಂಗಿಗಳನ್ನು ಎಳೆಯುವವರು ಯಾರು? ಆ ಕಾಲದ ವೆಲ್ಸ್ಲಿಯ ಕಾಗದಗಳನ್ನು ಓದಿ ನೋಡಿ. ಶೌರ್ಯದ ಮಾತು ಕಡಿಮೆ. ಅಕ್ಕಿ, ಮೇವು, ಹೇರೆತ್ತು, ಲಂಬಾಣಿಗಳು ತರುವ ದವಸ, ಹೊಳೆ ದಾಟಲು ಹರಿಗೋಲಿಗೆ ಚರ್ಮ ಹೇಗೆ ಹೊದಿಸಬೇಕು, ಇದೇ ಜಾಸ್ತಿ. ಅಕ್ಕಿ, ಎತ್ತು ಇದ್ದರೆ ಜನ ಇರುತ್ತಾರೆ, ಜನ ಇದ್ದರೆ ಶತ್ರುವನ್ನು ಸೋಲಿಸಬಲ್ಲೆ ಎಂಬ ಅರ್ಥದ ಮಾತನ್ನು ಆತ ಆಡಿದ್ದುಂಟು.

ಆ ಎತ್ತು ಯಾರದು ಮೇಷ್ಟ್ರೇ? ನಮ್ಮದು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಎನಿಸಿದ್ದ ಅರಮನೆಯ ದನದ ಹಿಂಡು, ಹೈದರ್ ಬೆಳೆಸಿದ್ದು, ಟಿಪ್ಪು ಅಮೃತ ಮಹಲ್ ಎಂದು ಹೆಸರಿಟ್ಟದ್ದು. ಈ ಎತ್ತುಗಳ ಬಲದಿಂದಲೇ ಹೈದರ್ ಎರಡೂವರೆ ದಿನದಲ್ಲಿ ನೂರು ಮೈಲಿ ಸಾಗಿ ಚಿದಂಬರಂ ತಲುಪಿದ ಎಂದು ಹಳೆಯ ಗೆಜೆಟಿಯರ್ ಹೇಳುತ್ತದೆ. ಮುಂದೆ ಸ್ಪೇನ್, ಪೋರ್ಚುಗಲ್‌ನಲ್ಲಿ ಫ್ರೆಂಚರ ಎದುರು ಕಾದುವಾಗ, ಅಮೃತ ಮಹಲ್ ಎತ್ತು ಇಲ್ಲಿ ಇಲ್ಲವಲ್ಲ ಎಂದು ವೆಲ್ಲಿಂಗ್ಟನ್ ಹಲವು ಸಲ ಕೊರಗಿದನಂತೆ. ನೀವು ಅವನನ್ನು ಬೈದಿರಿ. ಅಷ್ಟು ದೂರ ಹೋಗಿಯೂ ಅವನು ನೆನೆದ ಎತ್ತನ್ನು ನೀವು ನೆನೆಯಲಿಲ್ಲ. ನನ್ನ ದೂರು ಅದೊಂದೇ.

ನಮ್ಮಜ್ಜ ಅಜ್ಜಂಪುರದ ಹರಾಜಿನಲ್ಲಿ ಇದೇ ತಳಿಯ ಒಂದು ಜೋಡಿ ಹೋರಿಕರು ತಂದಿದ್ದರು. ಬಯಲಲ್ಲಿ ಬೆಳೆದವು, ಹಗ್ಗ ಕಂಡವಲ್ಲ. ಪಳಗಿಸಲು ಒಂದು ಮಳೆಗಾಲ ಪೂರ್ತಿ ಹಿಡಿಯಿತು. ಒಮ್ಮೆ ಪಳಗಿದ ಮೇಲೆ ಅಜ್ಜ ಬಿಟ್ಟರೆ ಬೇರೆ ಯಾರಿಗೂ ನೊಗಕ್ಕೆ ಕುತ್ತಿಗೆ ಕೊಡಲಿಲ್ಲ. ಹಿಂದಕ್ಕೆ ಹೋಗಿ ಮೇಲಕ್ಕೆ ಎದ್ದ ಆ ಚೂಪು ಕೊಂಬುಗಳು ಈಗಲೂ ಕಣ್ಣ ಮುಂದೆ ಇವೆ.

ಇಂಥ ತಳಿಯನ್ನು ನಾವು ಏನು ಮಾಡಿದೆವು? ಟಿಪ್ಪು ಸತ್ತ ಮೇಲೆ ಈಸ್ಟ್ ಇಂಡಿಯಾ ಕಂಪನಿಯವರು ಮೈಸೂರು ಸರ್ಕಾರಕ್ಕೆ ಒಪ್ಪಿಸಿದರು, ಇಲ್ಲಿ ಕ್ಷೀಣಿಸಿತು, 1813ರಲ್ಲಿ ತಾವೇ ವಾಪಸ್ ಪಡೆದರು. 1860ರಲ್ಲಿ ಬ್ರಿಟಿಷ್ ಸರ್ಕಾರದವರು ಖರ್ಚು ಉಳಿಸಲು ಹಿಂಡನ್ನೇ ಮಾರಿದರು. ಆರು ವರ್ಷದಲ್ಲಿ ತಪ್ಪು ಅರಿವಾಗಿ ಮತ್ತೆ ಕಟ್ಟಿದರು. ಆಮೇಲೆ ಬಂದ ನಾವು ಹಿಂಡು ಇಟ್ಟುಕೊಂಡು ಅವು ಮೇಯುವ ಹುಲ್ಲುಗಾವಲು, ಅಂದರೆ ಕಾವಲುಗಳನ್ನು ಕಳೆದೆವು. ಮೇಯಲು ಬಯಲೇ ಇಲ್ಲದ ಮೇಲೆ ಎಂಥ ಅಮೃತ ಮಹಲ್? ಚಳ್ಳಕೆರೆ ಸೀಮೆಯಲ್ಲಿ ಸಾವಿರಾರು ಎಕರೆ ಕಾವಲು ಈ ಶತಮಾನದಲ್ಲೇ ಸಂಸ್ಥೆಗಳ ಪಾಲಾಯಿತು. ಕುರಿ, ದನ ಮೇಯಿಸುತ್ತಿದ್ದವರು ಬೇಲಿಯ ಹೊರಗೆ ನಿಂತರು. ನಮ್ಮ ಪಠ್ಯದಲ್ಲಿ ಯುದ್ಧಗಳ ಇಸವಿ ಇದೆ. ಫಿರಂಗಿ ಎಳೆದವರ ಬಗ್ಗೆ, ದನ ಕಾಯ್ದವರ ಬಗ್ಗೆ ಒಂದು ಸಾಲು ಕಾಣೆ.

ನೀವು ಮೂವತ್ತು ವರ್ಷ ಪಾಠ ಹೇಳಿದವರು. ನಿಮ್ಮ ಸುತ್ತಲ ಊರುಗಳಲ್ಲಿ ಹಳೆಯ ಕಾವಲು ನೆನಪಿರುವ ಹಿರಿಯರು ಇನ್ನೂ ಇದ್ದಾರು. ಹೋಗಿ ಮಾತಾಡಿಸಿ, ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಎರಡು ಪುಟ ನಿಮಗಾಗಿ ತೆಗೆದಿಟ್ಟಿದ್ದೇನೆ.

— ಸಂಪಾದಕ